ಮೂರನೆಯ ಸೀಸೆಯ ಕತ್ತೆ

ನಮ್ಮೂರಲ್ಲಿ ಯಾರೂ ಕಂಡವರ ನಾಯಿಗೆ ಬಿಸ್ಕತ್ತು ಎಸೆಯುವುದಿಲ್ಲ. ಹೊರಗಿನಿಂದ ಬಂದವರು ಇದನ್ನು ನೋಡಿ, ಎಂಥ ಜಿಪುಣರ ಊರಪ್ಪಾ ಎಂದುಕೊಂಡು ಹೋಗುತ್ತಾರೆ. ಜಿಪುಣತನ ಅಲ್ಲ ಸ್ವಾಮಿ. ಇಲ್ಲಿ ಪ್ರಾಣಿಗೆ ಕೊನೆಯ ತುತ್ತು ಯಾರು ಹಾಕಿದರೋ ಅದರ ತುರಿಕೆ ಅವರಿಗೆ. ಹೇನಾಗಲಿ, ಉಣ್ಣಿಯಾಗಲಿ, ಕಜ್ಜಿಯಾಗಲಿ, ಪ್ರಾಣಿ ತನ್ನ ಪಾಡಿಗೆ ತಾನು ನೆಮ್ಮದಿಯಾಗಿ ನಿಂತಿರುತ್ತದೆ, ಹುಲ್ಲು ಹಾಕಿದವನು ಕಂಬಕ್ಕೆ ಬೆನ್ನು ಉಜ್ಜುತ್ತಿರುತ್ತಾನೆ. ನಮ್ಮ ಅಜ್ಜನ ಕಾಲದಿಂದಲೂ ಹೀಗೇ. ಗೃಹಪ್ರವೇಶಕ್ಕೆ ಹೋದವರು ಹಸುವಿಗೆ ಬಾಳೆಹಣ್ಣು ಕೊಡುವ ಮೊದಲು ಅದರ ಮೈ ಚೆನ್ನಾಗಿದೆಯಾ ಎಂದು ವಿಚಾರಿಸುತ್ತಾರೆ. ಮದುವೆ ಗಂಡು ಎಂಟು ದಿನ ಮುಂಚೆಯೇ ಎಮ್ಮೆಯ ಮೇವಿನ ಕೆಲಸವನ್ನು ತಮ್ಮನಿಗೆ ಒಪ್ಪಿಸಿಬಿಡುತ್ತಾನೆ, ಧಾರೆಯ ಹೊತ್ತಿನಲ್ಲಿ ಮೈ ಪರಚಿಕೊಂಡರೆ ಚೆನ್ನಾಗಿರುವುದಿಲ್ಲವಲ್ಲ. ಸ್ಕೂಲಿನಲ್ಲಿ ಮೇಷ್ಟ್ರು ಪಾಠ ನಿಲ್ಲಿಸಿ ಮೊಣಕೈ ತುರಿಸಿಕೊಂಡರೆ ಮಕ್ಕಳು ನಗುವುದಿಲ್ಲ. ಮೇಷ್ಟ್ರ ಮೇಕೆಗೆ ಹೇನಾಗಿದೆ ಎಂದು ಮನೆಗೆ ಹೋಗಿ ಹೇಳುತ್ತಾರೆ, ಅಷ್ಟೆ.

ನಾನು ಚೌಡಪ್ಪ. ದನದ ಆಸ್ಪತ್ರೆಯಲ್ಲಿ ಇಪ್ಪತ್ತೊಂದು ವರ್ಷದಿಂದ ಜವಾನ. ಜವಾನ ಎಂಬುದು ಹೆಸರಿಗೆ ಮಾತ್ರ. ರೋಗದ ಪ್ರಾಣಿ ಬಂದರೆ ಅದಕ್ಕೆ ಒಂದು ಹಿಡಿ ಮೇವು ಹಾಕಿ, ಕಾಲು ಗಂಟೆ ಕಾದು, ಎಲ್ಲಿ ತುರಿಸುತ್ತಿದೆ, ಹೇಗೆ ತುರಿಸುತ್ತಿದೆ ಎಂದು ಡಾಕ್ಟರಿಗೆ ಹೇಳುವುದು ನನ್ನ ಕೆಲಸ. ಜಂಬ ಕೊಚ್ಚಿಕೊಳ್ಳುತ್ತಿಲ್ಲ, ಆದರೆ ಈ ಸುತ್ತಿನಲ್ಲಿ ನನ್ನಂಥ ಚರ್ಮ ಇನ್ನೊಂದಿಲ್ಲ. ಹೇನಾದರೆ ಮೇಲೆಮೇಲೆ ಹರಿದಾಡುತ್ತದೆ. ಉಣ್ಣಿಯಾದರೆ ಒಂದೇ ಕಡೆ ಚುಚ್ಚಿ ಹಿಡಿದುಕೊಳ್ಳುತ್ತದೆ. ಕಜ್ಜಿಹುಳ ಇದೆಯಲ್ಲ, ಅದು ಚರ್ಮದ ಒಳಗೆ ಸುರಂಗ ಕೊರೆಯುವ ಜಾತಿ. ಮೈ ಬಿಸಿಯಾದಷ್ಟೂ ಅದರ ಹಾರಾಟ ಜಾಸ್ತಿ. ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಈ ಕತೆ ನಡೆಯುವ ಹೊತ್ತಿಗೆ ಹತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ನನ್ನ ಮಾತು ಸುಳ್ಳಾಗಿರಲಿಲ್ಲ. ಊರವರು ನನ್ನನ್ನು ಚರ್ಮದ ಚೌಡಪ್ಪ ಎಂದೇ ಕರೆಯುವುದು. ಕರೆದಾಗ ನಾನು ಎದೆ ಸ್ವಲ್ಪ ಮುಂದೆ ಮಾಡಿಯೇ ತಿರುಗುತ್ತಿದ್ದೆ.

ನಮ್ಮದು ಗುಡ್ಡದ ಮೇಲಿನ ಊರು. ರಸ್ತೆ ಇಲ್ಲ, ಮೆಟ್ಟಿಲಿವೆ. ಬಸ್ಸು ಕೆಳಗೇ ನಿಲ್ಲುತ್ತದೆ. ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರು, ಸಿಮೆಂಟು, ಕೊನೆಗೆ ಬಾಣಂತಿಯ ತೊಟ್ಟಿಲು ಕೂಡ ಕತ್ತೆಯ ಬೆನ್ನ ಮೇಲೆಯೇ ಮೇಲಕ್ಕೆ ಬರಬೇಕು. ನಾನೂರು ಕತ್ತೆಗಳಿದ್ದವು. ಮೂರು ವರ್ಷದ ಹಿಂದೆ ಅವಕ್ಕೆ ಕಜ್ಜಿ ಹತ್ತಿತು. ಕೂದಲು ಉದುರಿ, ಚರ್ಮ ಆನೆಯದ್ದರಂತೆ ದಪ್ಪಗಾಗಿ, ಮಳೆಗಾಲ ಮುಗಿಯುವಷ್ಟರಲ್ಲಿ ಅರವತ್ತು ಕತ್ತೆ ಸತ್ತವು. ಬೇವು, ಗಂಧಕ, ಹೊಗೆಸೊಪ್ಪಿನ ನೀರು, ಯಾವುದಕ್ಕೂ ಬಗ್ಗಲಿಲ್ಲ. ಊರಿಗೆ ಊರೇ ಕೆರೆದುಕೊಂಡಿತು.

ಆಗ ಬಂದವರು ಡಾಕ್ಟರ್ ವಾರಿಜಾ. ಬಯಲುಸೀಮೆಯ ಹೆಣ್ಣುಮಗಳು, ಸಣ್ಣ ಪ್ರಾಯ, ಮಾತು ಕಡಿಮೆ. ಒಂದು ಮೈಕ್ರೋಸ್ಕೋಪು, ಮೂರು ಕಂದು ಸೀಸೆ ತಂದಿದ್ದರು. ಸೀಸೆಗಳ ಮೇಲೆ ಒಂದು, ಎರಡು, ಮೂರು ಎಂಬ ಅಂಕಿ ಬಿಟ್ಟರೆ ಏನೂ ಇಲ್ಲ.

"ಎರಡು ಸೀಸೆಯಲ್ಲಿ ಹೊಸ ಔಷಧಿ ಇದೆ, ಒಂದು ಸೀಸೆಯಲ್ಲಿ ಬರೀ ಎಣ್ಣೆ. ಯಾವುದು ಯಾವುದು ಅಂತ ನನಗೂ ಗೊತ್ತಿಲ್ಲ. ಲಕೋಟೆಯಲ್ಲಿ ಬರೆದು ಅಂಟಿಸಿ ಕೊಟ್ಟಿದ್ದಾರೆ" ಎಂದರು.

"ಬರೀ ಎಣ್ಣೆ ಯಾಕೆ ಮೇಡಂ?"

"ಔಷಧಿ ಅಂತ ಅಂದ್ಕೊಂಡ್ರೇ ಅರ್ಧ ವಾಸಿ ಆಗೋ ಜನ ಇದ್ದಾರಲ್ಲ ಚೌಡಪ್ಪ, ಅದನ್ನ ಅಳೆಯೋಕೆ."

ಒಂದೊಂದು ಸೀಸೆಗೆ ಒಂದೊಂದು ಕತ್ತೆ. ಔಷಧಿ ಇದ್ದದ್ದೇ ಅಷ್ಟು. ಹದಿಮೂರು ದಿನ ಹಚ್ಚಿ ನೋಡಿ, ಯಾವುದು ಒಳ್ಳೆಯದೆಂದು ಕಾಗದ ಬರೆದರೆ, ಮಳೆಗೆ ಮೊದಲು ಪ್ರಯೋಗಾಲಯದವರು ಅದೊಂದನ್ನು ಮಾತ್ರ ಊರಿಗಾಗುವಷ್ಟು ಮಾಡಿ ಕಳಿಸುತ್ತಾರೆ. ತಪ್ಪಿದರೆ ಮತ್ತೆ ಬರುವ ವರ್ಷವೇ. ಬರುವ ವರ್ಷಕ್ಕೆ ಎಷ್ಟು ಕತ್ತೆ ಉಳಿದಿರುತ್ತವೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಒಂದನೆಯ ಸೀಸೆಯ ಕತ್ತೆಗೆ ಹೂ ಕಟ್ಟುವ ಪಂಕಜವ್ವ ಮೇವು ಹಾಕುವುದೆಂದಾಯಿತು. ಎರಡನೆಯದಕ್ಕೆ ಡ್ರಾಯಿಂಗ್ ಮೇಷ್ಟ್ರು ವೆಂಕೋಬಯ್ಯ. ಮೂರನೆಯದು ಬೂದಿ ಎಂಬ ಹೆಣ್ಣು ಕತ್ತೆ, ಅದು ನನ್ನ ಪಾಲಿಗೆ ಬಂತು. ಪ್ರಾಣಿಯನ್ನು ಅವರವರ ಮನೆಯಲ್ಲೇ ಕಟ್ಟಿಕೊಳ್ಳಬೇಕು, ದಿನಾ ಬೆಳಿಗ್ಗೆ ತುರಿಕೆ ಹೇಗಿದೆ ಎಂದು ಬಂದು ಬರೆಸಬೇಕು, ಬೇರೆ ಯಾರೂ ಮೇವು ಹಾಕಕೂಡದು.

ಬೂದಿಯನ್ನು ಹಿತ್ತಿಲಲ್ಲಿ ಕಟ್ಟಿದೆ. ಮನೆಯಲ್ಲಿ ನಾನು ಮತ್ತು ನಮ್ಮ ಅತ್ತೆ ತಿಮ್ಮಾಜಮ್ಮ, ಇಬ್ಬರೇ. ನನ್ನ ಹೆಂಡತಿ ನಿಂಗಾಜಿ ತೀರಿಕೊಂಡು ಆಗ ಆರು ವರ್ಷವಾಗಿತ್ತು. ಮಗಳ ಬಾಣಂತನಕ್ಕೆಂದು ಬಂದ ಅತ್ತೆ ಮಗು ಉಳಿಯದೆ ಹೋದಾಗ ಮಗಳ ಜೊತೆ ನಿಂತಳು, ಆಮೇಲೆ ಮಗಳೂ ಹೋದಾಗ ಯಾರ ಜೊತೆ ನಿಂತಿದ್ದೇನೆಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬೆಳಿಗ್ಗೆ ಮುದ್ದೆ, ಮಧ್ಯಾಹ್ನ ಅನ್ನ, ನಡುವೆ ಒಂದಿಷ್ಟು ಗೊಣಗಾಟ. ನಮ್ಮದು ಸುಖವಾಗಿಯೇ ನಡೆಯುತ್ತಿತ್ತು.

ಕಜ್ಜಿಯ ತುರಿಕೆ ಹೊಸದಲ್ಲ ನನಗೆ. ಆದರೆ ಬೂದಿಯ ಕಜ್ಜಿ ಹೆಗಲ ಹಿಂದೆ, ಎರಡು ರೆಕ್ಕೆಮೂಳೆಯ ನಡುವೆ. ನನಗೆ ಬಲಗೈ ಮೇಲಿನಿಂದ ಹಾಕಿದರೂ ಸಿಗದು, ಎಡಗೈ ಕೆಳಗಿನಿಂದ ತಂದರೂ ಸಿಗದು. ಕಂಬಕ್ಕೆ ಉಜ್ಜಿದೆ, ಬಾಗಿಲ ಚೌಕಟ್ಟಿಗೆ ಉಜ್ಜಿದೆ, ಒರಟು ಗೋಣಿಚೀಲ ಹಗ್ಗದಂತೆ ಹಿಡಿದು ಎಳೆದಾಡಿದೆ. ಮೂರು ದಿನಕ್ಕೆ ಅಂಗಿ ಬೆನ್ನಿಗೆ ಅಂಟಿಕೊಳ್ಳತೊಡಗಿತು. ನಿದ್ದೆಯಿಲ್ಲ, ಅನ್ನ ಸೇರದು. ದಿನಾ ಸೀಸೆಯ ಔಷಧಿಯನ್ನು ಬೂದಿಗೆ ಹಚ್ಚಿ, ಇವತ್ತು ಕಡಿಮೆಯಾಗುತ್ತದೆ, ನಾಳೆ ಆಗುತ್ತದೆ ಎಂದು ಕಾದೆ.

"ಅಳಿಯಂದ್ರು ಎಲ್ಲಾರ್ನೂ ಉದ್ಧಾರ ಮಾಡ್ತಾರೆ, ತಮ್ ಬೆನ್ನೊಂದನ್ನ ಬಿಟ್ಟು" ಎಂದು ಅತ್ತೆ ಒಲೆಯ ಕಡೆ ನೋಡಿಕೊಂಡು ಹೇಳಿದಳು.

"ಇದು ಕೆಲಸ ಕಣತ್ತೆ."

"ಕೆಲಸಾನಂತೆ ಕೆಲಸ. ಆ ಕತ್ತೆ ನೋಡು, ಮಹಾರಾಣಿ ಹಂಗೆ ನಿಂತವ್ಳೆ."

ಒಂಬತ್ತನೆಯ ದಿನ ಬೆಳಿಗ್ಗೆ ಎದ್ದೆ. ಎದ್ದೆ ಎಂದರೆ, ಮಲಗಿದ್ದೆ ಎಂದಾಯಿತಲ್ಲ! ಬಿಸಿಲು ಮುಖಕ್ಕೆ ಬೀಳುವ ತನಕ ನಿದ್ದೆ ಮಾಡಿದ್ದೆ. ಬೆನ್ನು ಅಲ್ಲಾಡಿಸಿದೆ. ಇಲ್ಲ. ಬಿಸಿಲಿಗೆ ಬೆನ್ನು ಕೊಟ್ಟು ಕೂತೆ. ಇಲ್ಲ. ಬಿಸಿನೀರು ಹುಯ್ದುಕೊಂಡೆ. ತುರಿಕೆಯ ಸುಳಿವೇ ಇಲ್ಲ! ಎರಡು ದಿನ ಹೊಟ್ಟೆಯಲ್ಲೇ ಇಟ್ಟುಕೊಂಡು ಮತ್ತೆ ಮತ್ತೆ ನೋಡಿದೆ. ಹನ್ನೊಂದನೆಯ ದಿನ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಆಸ್ಪತ್ರೆಗೆ ಓಡಿದೆ. ದಾರಿಯುದ್ದಕ್ಕೂ ಸಿಕ್ಕವರಿಗೆಲ್ಲ ಹೇಳಿಕೊಂಡೇ ಹೋದೆ, ಅದೇ ನಾನು ಮಾಡಿದ ತಪ್ಪು. ನಾನು ತಲುಪುವಷ್ಟರಲ್ಲಿ ಪಂಚಾಯ್ತಿ ಅಧ್ಯಕ್ಷ ಕರಿಗೌಡರು ಪಂಕಜವ್ವನ ಬುಟ್ಟಿಯಿಂದ ಸೇವಂತಿಗೆ ಹಾರ ಎತ್ತಿಕೊಂಡು ಬಂದಿದ್ದರು. ನನ್ನ ಕೊರಳಿಗೆ ಹಾಕಿ, "ಮೂರನೇ ಸೀಸೆ! ಇನ್ನೇನೂ ನೋಡೋದ್ ಬ್ಯಾಡ, ಕಾಗದ ಬರೀರಿ ಮೇಡಂ" ಎಂದರು. ನಿಜ ಹೇಳುತ್ತೇನೆ, ಹಾಲು ಕುಡಿದಷ್ಟು ಸಂತೋಷವಾಯಿತು ನನಗೆ.

ಡಾಕ್ಟರು ನನ್ನ ಜೊತೆ ಮನೆಗೆ ಬಂದು, ಬೂದಿಯ ಹೆಗಲನ್ನು ಮೊಂಡು ಬ್ಲೇಡಿನಿಂದ ಕೆರೆದು, ಗಾಜಿನ ಚೂರಿನ ಮೇಲೆ ತೆಗೆದುಕೊಂಡು ಹೋದರು. ಮೈಕ್ರೋಸ್ಕೋಪಿನಲ್ಲಿ ಬಹಳ ಹೊತ್ತು ನೋಡಿ ನನ್ನನ್ನು ಕರೆದರು. ನಾನೂ ಬಗ್ಗಿ ನೋಡಿದೆ. ಎಂಟು ಕಾಲಿನ ಉಂಡೆಗಳು ಸಂತೆಗೆ ಹೊರಟವರಂತೆ ಓಡಾಡುತ್ತಿದ್ದವು.

"ಇವು ಸತ್ತಿಲ್ಲ ಚೌಡಪ್ಪ. ಮೊದಲ ದಿನಕ್ಕಿಂತ ಜಾಸ್ತಿನೇ ಇವೆ."

"ಹಂಗಾದ್ರೆ ನನ್ನ ಬೆನ್ನು ಸುಳ್ಳು ಹೇಳ್ತಾ ಇದೆಯಾ?"

"ಹಾಗಂದೆನಾ?"

"ಮತ್ತೇನ್ ಮೇಡಂ? ಗಾಜಿಗೇನು ಗೊತ್ತು ತುರಿಕೆ? ನಿಮಗೆ ಡಿಗ್ರಿ ಬರೋ ಮುಂಚಿಂದ ನಾನು ಕೆರ್ಕೊಳ್ತಾ ಇದೀನಿ!"

ಕೊರಳಲ್ಲಿ ಹಾರ ಇತ್ತು ನೋಡಿ, ನಾಲಿಗೆ ಉದ್ದವಾಯಿತು. ಅವರು ಸಿಟ್ಟಾಗಲಿಲ್ಲ. ಗುರುವಾರದ ಬಸ್ಸಿಗೆ ಕಾಗದ ಹೋಗಲೇಬೇಕು, ಅಲ್ಲಿಯವರೆಗೆ ಇನ್ನೆರಡು ದಿನ ನೋಡೋಣ ಎಂದರು. ಎರಡನೆಯ ಸೀಸೆಯ ವೆಂಕೋಬಯ್ಯ ಮೇಷ್ಟ್ರು ಮೂಲೆಯಲ್ಲಿ ಕೂತು, "ನಂದು ನಿನ್ನೆಗಿಂತ ಎರಡಾಣೆಯಷ್ಟು ಕಡಿಮೆ" ಎಂದು ಬರೆಸುತ್ತಿದ್ದರು. ದಿನಾ ಎರಡಾಣೆ, ಒಂದಾಣೆ ಎಂದು ಬರೆಸುವ ಮನುಷ್ಯ. ಅವರ ಕಡೆ ಯಾರೂ ತಿರುಗಿಯೂ ನೋಡಲಿಲ್ಲ.

ಬುಧವಾರ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದೆ. ಅತ್ತೆ ಒಲೆಯ ಮುಂದೆ ಸಾರು ಕುದಿಸುತ್ತಿದ್ದಳು. ಸಾರು ತಿರುವುತ್ತಾಳೆ, ಎರಡು ಹೆಜ್ಜೆ ಹಿಂದೆ ಬಂದು ನಿಲ್ಲುತ್ತಾಳೆ. ಮತ್ತೆ ಹೋಗುತ್ತಾಳೆ, ತಿರುವುತ್ತಾಳೆ, ಹಿಂದೆ ಬರುತ್ತಾಳೆ. ಐವತ್ತು ವರ್ಷ ಒಲೆಯ ಮುಂದೆ ಕೂತ ಹೆಂಗಸು, ಬರಿಗೈಯಲ್ಲಿ ಕೆಂಡ ಸರಿಸುವವಳು, ಬೆಂಕಿಯ ಝಳಕ್ಕೆ ಹೆದರುತ್ತಿದ್ದಾಳೆ! ನಾನು ತಟ್ಟೆಯ ಮುಂದೆ ಕೂತವನು ಕೂತಂತೆಯೇ ನೋಡಿದೆ. ಮೂರನೆಯ ಸಲ ಹಿಂದೆ ಬಂದಾಗ ಅವಳ ಬಲಹೆಗಲು ಒಂದು ಸಲ ಮೇಲೆ ಹೋಗಿ ಕೆಳಗೆ ಬಂತು. ಆ ಕುಣಿತ ನನಗೆ ಗೊತ್ತಿಲ್ಲವೇ? ಬಿಸಿ ತಾಗಿದರೆ ಕಜ್ಜಿಹುಳ ಏನು ಮಾಡುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು?

"ಅತ್ತೆ, ಬೂದಿಗೆ ಯಾರಾದ್ರೂ ಮೇವು ಹಾಕಿದ್ರಾ?"

"ಯಾರ್ ಹಾಕ್ತಾರೆ? ನಾನ್ಯಾಕ್ ಹಾಕ್ಲಿ? ನಂಗೇನ್ ಬೇರೆ ಕೆಲ್ಸ ಇಲ್ವಾ?"

ನಾನು ಅವಳ ಹೆಸರನ್ನೇ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇವಳಂತೂ ಸೌಟಿನ ಹಿಡಿಯಿಂದ ಹೆಗಲ ಹಿಂದಕ್ಕೆ ಕೆರೆದುಕೊಳ್ಳುತ್ತಲೇ ಮಾತಾಡುತ್ತಿದ್ದಳು. ನಾನು ಸೌಟಿನ ಕಡೆ ನೋಡಿದೆ, ಅವಳೂ ನೋಡಿದಳು. ಮೆಲ್ಲಗೆ ಕೆಳಗಿಟ್ಟಳು.

"ಎಷ್ಟು ದಿನದಿಂದ?"

"ಎಂಟ್ ದಿನ ನೋಡ್ದೆ. ಅನ್ನ ಬ್ಯಾಡ, ನಿದ್ದೆ ಬ್ಯಾಡ, ಅಂಗಿ ಒಗೆಯಕ್ ಹೋದ್ರೆ ಬೆನ್ನೆಲ್ಲ ರಕ್ತ. ನನ್ ಮಗಳು ಇದ್ದಿದ್ರೆ ನೋಡ್ಕಂಡು ಸುಮ್ನೆ ಕೂತಿರ್ತಿದ್ಲಾ?" ಅತ್ತೆ ಒಲೆಯ ಸೌದೆ ಹೊರಗೆಳೆದಳು. "ಅಳಿಯಂದ್ರು ಮೇವು ಹಾಕಿ ಬೆನ್ ತಿರುಗ್ಸೋದೇ ತಡ, ನಾನೊಂದ್ ಹಿಡಿ ಬೂಸಾ ಹಾಕ್ದೆ. ಔಷ್ದಿ ಹಚ್ಚೋದು ಕತ್ತೆಗೆ ತಾನೆ? ತುರಿಕೆ ಯಾರ್ ಮೈಲಿದ್ರೇನು, ಅಂತ."

"ನನಗೆ ಹೇಳ್ಬಾರ್ದಾಗಿತ್ತಾ?"

"ಹೇಳೋಣ ಅಂತಿದ್ದೆ. ಅಷ್ಟರಲ್ಲಿ ಹಾರ ಹಾಕಿಸ್ಕಂಡು ಬಂದ್ರು. ಹೆಂಗ್ ಹೇಳ್ಲಿ?"

ನನಗೆ ಕೋಪ ಬರಬೇಕಿತ್ತು. ಬಂತು ಕೂಡ, ಆದರೆ ಅರ್ಧದಾರಿಯಲ್ಲೇ ಇಳಿದುಹೋಯಿತು. ಎಪ್ಪತ್ತೊಂದು ವರ್ಷದ ಮುದುಕಿ. ಸುಕ್ಕುಬಿದ್ದ ಬೆನ್ನು. ಐದು ದಿನ ಆ ಸುರಂಗ ಕೊರೆಯುವ ಹುಳದ ಕಾಟವನ್ನು ಹೊತ್ತುಕೊಂಡು ನನಗೆ ಸಾರು ಬಡಿಸಿದ್ದಾಳೆ, ನಾನು ಹೊಟ್ಟೆತುಂಬ ಉಂಡು ಮೂರನೆಯ ಸೀಸೆಯ ಮಹಿಮೆ ಹೊಗಳಿದ್ದೇನೆ. ಊಟ ಬಿಟ್ಟು ಎದ್ದೆ. ಹಿತ್ತಿಲಿಗೆ ಹೋಗಿ ಬೂದಿಯ ಬಾಯಿಗೆ ಬೊಗಸೆ ಬೂಸಾ ಹಿಡಿದೆ. ಕಾಲು ಗಂಟೆ ಆಗುವ ಮೊದಲೇ ಬಂತು ನೋಡಿ, ಅಬ್ಬಾ! ಮೊದಲಿಗಿಂತ ಎರಡು ಪಾಲು. ಎರಡು ರೆಕ್ಕೆಮೂಳೆಯ ನಡುವೆ, ಅದೇ ಜಾಗ. ಡಾಕ್ಟರ ಗಾಜು ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಗುರುವಾರ ಬೆಳಿಗ್ಗೆ ಆಸ್ಪತ್ರೆಯ ಜಗಲಿಯ ತುಂಬ ಜನ. ಕರಿಗೌಡರು ಕಾಗದವನ್ನು ತಾವೇ ಬರೆಸಿ ತಂದಿದ್ದರು, ಡಾಕ್ಟರ ರುಜು ಒಂದು ಬಾಕಿ. ನಾನು ಹೋಗಿ ನಡುವೆ ನಿಂತೆ. ಬಾಯಿಬಿಟ್ಟರೆ ಹತ್ತೊಂಬತ್ತು ವರ್ಷದ ಹೆಸರು ಮಣ್ಣುಪಾಲು. ಬಿಡದಿದ್ದರೆ ಮುನ್ನೂರ ನಲವತ್ತು ಕತ್ತೆ. ಮಾತು ಹುಡುಕುತ್ತಾ ನಿಂತವನ ಕೈ ತಾನಾಗಿ ಬೆನ್ನಿನ ಹಿಂದಕ್ಕೆ ಹೋಯಿತು.

"ಮೂರನೆಯದು ಕೆಲಸ ಮಾಡಿಲ್ಲ. ನನ್ನಿಂದ ತಪ್ಪಾಯ್ತು" ಎಂದೆ.

"ಲೇ ಚೌಡಪ್ಪಾ, ತಲೆ ಕೆಟ್ಟದೇನ್ಲಾ? ಊರಿಗೆಲ್ಲ ಸಾರಿದೀನಿ ನಾನು!" ಎಂದು ಕರಿಗೌಡರು ಎದ್ದರು.

ಡಾಕ್ಟರು ನನ್ನನ್ನೇ ನೋಡುತ್ತಿದ್ದರು. "ನಿಮ್ಮ ಚರ್ಮ ತಪ್ಪು ಹೇಳಲ್ಲ ಚೌಡಪ್ಪ. ನಡುವೆ ಮೇವು ಹಾಕಿದ್ದು ಯಾರು?"

ನಾನು ನೆಲ ನೋಡಿದೆ. ಹಿಂದಿನಿಂದ ಉತ್ತರ ಬಂತು. "ನಾನು ಹಾಕ್ದೆ. ಏನೀಗ?" ಅತ್ತೆ ಅಷ್ಟೂ ಮೆಟ್ಟಿಲು ಹತ್ತಿ ಬಂದು, ಸೆರಗಿನಲ್ಲಿ ಬೆವರೊರೆಸಿಕೊಳ್ಳುತ್ತಾ ನಿಂತಿದ್ದಳು. ನಾಲ್ಕು ಜನ ನಕ್ಕರು. ಕರಿಗೌಡರು ನಗಲಿಲ್ಲ. ಅವರಿಗೆ ಮುಖಭಂಗವಾಗಿತ್ತು, ಕಾನೂನು ಹಿಡಿದರು. "ಮೇಡಂ, ನಿಮ್ ನಿಯಮ ಓದಿ. ಮನೆಯವರು ಹಾಕಿದ್ರೆ ಹೆಸರು ಬರ್ಕಂಡು ಮುಂದುವರಿಸ್ಬಹುದು. ಹೊರಗಿನೋರು ಹಾಕಿದ್ರೆ ಇಡೀ ಪರೀಕ್ಷೆ ರದ್ದು. ಹೌದೋ ಅಲ್ವೋ?"

"ಹೌದು."

"ಈಯಮ್ಮ ಯಾರು? ಮಗಳು ಸತ್ತು ಆರು ವರ್ಷ ಆಯ್ತು. ಮಗಳೇ ಇಲ್ದ ಮೇಲೆ ಅತ್ತೆ ಎಲ್ಲಿಂದ ಬಂದ್ಲು? ಸಂಬಂಧ ಏನು?"

ನಾನು ಅತ್ತೆಯ ಮುಖ ನೋಡಿದೆ. ಎಂಥೆಂಥ ಮಾತಿಗೂ ತಿರುಗುತ್ತರ ಕೊಡುವ ಹೆಂಗಸು, ಅವತ್ತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಸುಮ್ಮನೆ ನಿಂತಿದ್ದಳು. ಈ ಪ್ರಶ್ನೆಯನ್ನು ಆರು ವರ್ಷದಿಂದ ಅವಳು ತನಗೆ ತಾನೇ ಕೇಳಿಕೊಂಡಿದ್ದಾಳೆ ಎಂದು ನನಗೆ ಆಗ ಹೊಳೆಯಿತು. ಎಂಥ ದಡ್ಡ ನಾನು! ಉಣ್ಣಿಗೂ ಹೇನಿಗೂ ವ್ಯತ್ಯಾಸ ಹೇಳುವ ಮನುಷ್ಯನಿಗೆ ಒಂದೇ ಸೂರಿನಡಿ ಇದ್ದವಳ ನೋವು ತಿಳಿದಿರಲಿಲ್ಲ.

"ತಾಯಿ ಅಂತ ಬರ್ಕೊಳ್ಳಿ ಮೇಡಂ" ಎಂದೆ. ಧ್ವನಿ ಸ್ವಲ್ಪ ಜೋರಾಗಿಯೇ ಬಂತು. "ನಮ್ಮನೆ ಯಜಮಾನಿ. ತಿಮ್ಮಾಜಮ್ಮ, ಎಪ್ಪತ್ತೊಂದು ವರ್ಷ."

"ಅರವತ್ತೊಂಬತ್ತು" ಎಂದಳು ಅತ್ತೆ, ಡಾಕ್ಟರ ಪೆನ್ನಿನ ಕಡೆ ನೋಡುತ್ತಾ.

ಡಾಕ್ಟರು ಬರೆದುಕೊಂಡರು. ಆಮೇಲೆ ವೆಂಕೋಬಯ್ಯ ಮೇಷ್ಟ್ರ ಪುಟ ತೆಗೆದು ಮೊದಲಿನಿಂದ ಓದಿದರು. ಎರಡಾಣೆ, ಒಂದಾಣೆ, ಎರಡಾಣೆ. ಗಾಜಿನ ಮೇಲಿನ ಹುಳದ ಲೆಕ್ಕವೂ ಹಾಗೆಯೇ ಇಳಿದಿತ್ತು. ಪಂಕಜವ್ವನ ಒಂದನೆಯ ಸೀಸೆ ಅದರ ಅರ್ಧದಷ್ಟೂ ಇಳಿಸಿರಲಿಲ್ಲ. ಎರಡನೆಯ ಸೀಸೆ ಎಂದು ಕಾಗದ ಹೋಯಿತು. ಮೇಷ್ಟ್ರಿಗೆ ಹಾರ ಹಾಕಲು ಹೋದರೆ, ಹೂವಿನಲ್ಲಿ ಹುಳ ಇರುತ್ತದೆ ಎಂದು ಬೇಡವೆಂದರಂತೆ. ವಾರದ ನಂತರ ಲಕೋಟೆ ಒಡೆದರು. ಮೂರನೆಯ ಸೀಸೆಯಲ್ಲಿ ಇದ್ದದ್ದು ಬರೀ ಹೊಂಗೆ ಎಣ್ಣೆ. ಕರಿಗೌಡರು ಹದಿನೈದು ದಿನ ನನ್ನ ಬೀದಿಗೆ ಬರಲಿಲ್ಲ. ನಾನೂ ಆ ಕಡೆ ಹೋಗಲಿಲ್ಲ, ಲೆಕ್ಕ ಸಮವಾಯಿತು.

ಇನ್ನು ಮೇಲೆ ಬೂದಿಗೆ ಒಬ್ಬರೇ ಮೇವು ಹಾಕಬೇಕು, ಅದು ತಿಮ್ಮಾಜಮ್ಮ ಎಂದು ಡಾಕ್ಟರು ತೀರ್ಪು ಕೊಟ್ಟರು. ಬೇಡ, ಮುದುಕಿಗೆ ಆಗದು ಎಂದು ಎಷ್ಟು ಕೇಳಿಕೊಂಡರೂ, "ಕೇಳಿದ ತಕ್ಷಣ ನಿಜ ಹೇಳಿದ್ದು ಅವರು, ನೀವಲ್ಲ" ಎಂದರು. ಅತ್ತೆ ನನ್ನ ಕೈಯಿಂದ ಬೂಸಾದ ಬುಟ್ಟಿ ಕಿತ್ತುಕೊಂಡಳು. ಮಳೆಗೆ ಮೊದಲೇ ಔಷಧಿ ಬಂತು. ಊರಿನ ಕತ್ತೆಗಳಿಗೆಲ್ಲ ಹಚ್ಚಿದೆವು. ದಿನಾ ಬೆಳಿಗ್ಗೆ ನಾನು ಪುಸ್ತಕ ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ಕೂತು, "ಇವತ್ತು ಹೆಂಗಿದೆಯಮ್ಮಾ?" ಎಂದು ಕೇಳಿ ಬರೆದುಕೊಳ್ಳುತ್ತಿದ್ದೆ. ಎಲ್ಲಿ, ಎಷ್ಟು, ನಿನ್ನೆಗಿಂತ ಹೇಗೆ, ಉಣ್ಣಲು ಸೇರುತ್ತದೆಯಾ, ನಿದ್ದೆ ಬಂತಾ. ಅವಳು ಒಲೆ ಉರಿ ಸಣ್ಣ ಮಾಡಿ, ಸಮಾಧಾನವಾಗಿ ಕೂತು, ಒಂದೊಂದಕ್ಕೂ ಉತ್ತರ ಹೇಳುತ್ತಿದ್ದಳು.

ಹೊಸ ಔಷಧಿ ಹಚ್ಚಿದ ಹದಿನೆಂಟನೆಯ ದಿನ ಡಾಕ್ಟರು ಬೂದಿಯ ಹೆಗಲು ಕೆರೆದು ನೋಡಿದರು. ಒಂದು ಹುಳವೂ ಇಲ್ಲ. ಮೃದುವಾದ ಹೊಸ ಕೂದಲು ಬರುತ್ತಿತ್ತು. ಮಾರನೆಯ ಬೆಳಿಗ್ಗೆ ನಾನು ಪುಸ್ತಕ ತೆರೆದು, "ಇವತ್ತು ಹೆಂಗಿದೆಯಮ್ಮಾ?" ಎಂದೆ.

ಅತ್ತೆ ಹೆಗಲು ಒಂದು ಸಲ ಅಲ್ಲಾಡಿಸಿ ಯೋಚನೆ ಮಾಡಿದಳು. "ಇನ್ನೂ ಒಂಚೂರು ಐತೆ" ಎಂದಳು.

ನನಗೆ ಗೊತ್ತು, ಇರಲು ಸಾಧ್ಯವಿಲ್ಲ. ಗಾಜು ಸುಳ್ಳು ಹೇಳುವುದಿಲ್ಲ ಎಂದು ಒಮ್ಮೆ ಕಲಿತಿದ್ದೇನೆ. ಆದರೂ ಬರೆದುಕೊಂಡೆ. ಆಸ್ಪತ್ರೆಯ ಪುಸ್ತಕ ಮುಗಿದು ಎರಡು ವರ್ಷವಾಯಿತು, ಬೂದಿ ಈಗ ದಿನಕ್ಕೆ ನಾಲ್ಕು ಸಲ ಮೆಟ್ಟಿಲು ಹತ್ತಿ ಇಳಿಯುತ್ತಾಳೆ. ನಾನು ಸಂತೆಯಿಂದ ಒಂದು ಹೊಸ ಪುಸ್ತಕ ತಂದಿಟ್ಟುಕೊಂಡಿದ್ದೇನೆ. ದಿನಾ ಬೆಳಿಗ್ಗೆ ಕೇಳುತ್ತೇನೆ. ಇನ್ನೂ ಒಂಚೂರು ಐತೆ ಎನ್ನುತ್ತಾಳೆ. ಬರೆದುಕೊಳ್ಳುತ್ತೇನೆ.